ಮಾಸ್ಟರ್ ಯಾಕೆ ಮೇಷ್ಟ್ರಾಗಲಿಲ್ಲ?

ಇಂಗ್ಲಿಷಿನ ‘ಮಾಸ್ಟರ್’ ಎಂಬ ಒಂದೇ ಪದ ಕನ್ನಡಕ್ಕೆ ಬಂದು ಎರಡು ಜಾತಿಯಾಯಿತು. ಒಂದು ‘ಮೇಷ್ಟ್ರು’ ಆಗಿ ನಮ್ಮ ನಾಲಿಗೆಗೆ ಒಗ್ಗಿತು, ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿತು, ಕಾಫಿ ಕುಡಿಯಿತು. ಇನ್ನೊಂದು ‘ಮಾಸ್ಟರ್’ ಆಗಿಯೇ ಉಳಿದು ಅಂಗಳದಲ್ಲಿ ನಿಂತಿತು. ಲಂಕೇಶರು ಮೇಷ್ಟ್ರು, ರಾಜರತ್ನಂ ಮೇಷ್ಟ್ರು, ನಿಮ್ಮೂರಿನ ಗಣಿತದವರು ಮೇಷ್ಟ್ರು. ಆದರೆ ಡ್ಯಾನ್ಸ್ ಮಾಸ್ಟರ್, ಫೈಟ್ ಮಾಸ್ಟರ್, ಟೈಲರ್ ಮಾಸ್ಟರ್, ಕರಾಟೆ ಮಾಸ್ಟರ್. ‘ಕರಾಟೆ ಮೇಷ್ಟ್ರು ಬಂದರು’ ಎಂದು ಒಮ್ಮೆ ಜೋರಾಗಿ ಹೇಳಿ ನೋಡಿ, ಪಕ್ಕದವರು ನಕ್ಕೇ ನಗುತ್ತಾರೆ.

ತಲೆ ಬಳಸಿ ಕಲಿಸಿದರೆ ಮೇಷ್ಟ್ರು, ಮೈ ಬಳಸಿ ಕಲಿಸಿದರೆ ಮಾಸ್ಟರ್ ಎಂದು ಇದನ್ನು ವಿವರಿಸಿಬಿಡಬಹುದಿತ್ತು. ಆದರೆ ಪಿ.ಟಿ. ಮೇಷ್ಟ್ರು ಅಡ್ಡ ಬರುತ್ತಾರೆ. ಅವರು ಬಾಯಲ್ಲಿ ಸೀಟಿ ಇಟ್ಟುಕೊಂಡು, ಬಿಸಿಲಲ್ಲಿ ನಿಂತು, ಮೈಯನ್ನೇ ಪಾಠ ಮಾಡುವವರು. ಆದರೂ ಮೇಷ್ಟ್ರೇ. ವ್ಯತ್ಯಾಸ ಮೈಯದ್ದಲ್ಲ, ಹಾಜರಿ ಪುಸ್ತಕದ್ದು. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದು ತಿಂಗಳ ಕೊನೆಗೆ ಸಂಬಳ ಎಣಿಸುವವರು ಮೇಷ್ಟ್ರು. ಗೇಟಿನ ಹೊರಗೆ ಬೈಕು ನಿಲ್ಲಿಸಿ, ಸಹಿ ಹಾಕದೆ ಒಳಗೆ ಬಂದು, ಪಾಠ ಮಾಡಿ ಹೋಗುವವರು ಮಾಸ್ಟರ್. ನಾನು ಈ ಲೇಖನದಲ್ಲಿ ಜಗಳ ತೆಗೆಯಲು ಹೊರಟಿರುವುದು ಈ ಹಾಜರಿ ಪುಸ್ತಕದ ಜೊತೆ. ಅದನ್ನು ಕಾಯುತ್ತ ಕೂತಿರುವ ಸರ್ಕಾರದ ಜೊತೆ, ಮತ್ತು ಅದರ ತೀರ್ಪನ್ನು ಮರುಮಾತಿಲ್ಲದೆ ಒಪ್ಪಿಕೊಂಡ ನಮ್ಮಂಥ ಓದು ಬರಹದವರ ಜೊತೆ ಕೂಡ.

ಈ ಮಾಸ್ಟರುಗಳು ಎಲ್ಲಿಂದ ಬಂದರು? ಟೇಕ್ವಾಂಡೊ ಮಟ್ಟಿಗೆ ಹೇಳುವುದಾದರೆ ಇಡೀ ದೇಶಕ್ಕೆ ಅದರ ಬಾಗಿಲು ನಮ್ಮ ಬೆಂಗಳೂರು. 1975ರಲ್ಲಿ ಜಿಮ್ಮಿ ಆರ್. ಜಗತಿಯಾನಿ ಆ ಕೊರಿಯನ್ ವಿದ್ಯೆಯನ್ನು ಭಾರತಕ್ಕೆ ತಂದರು. ಮರುವರ್ಷವೇ ಟೇಕ್ವಾಂಡೊ ಫೆಡರೇಷನ್ ಆಫ್ ಇಂಡಿಯಾ ಶುರುವಾಯಿತು. ಕರಾಟೆ ಆ ಹೊತ್ತಿಗಾಗಲೇ ಸಿನಿಮಾ ಪರದೆಯ ಮೇಲೆ ಕುಣಿಯುತ್ತಿತ್ತು. ಬ್ರೂಸ್ ಲೀ ಮಾಡುತ್ತಿದ್ದದ್ದು ಕರಾಟೆಯಲ್ಲ ಎಂಬ ವಿವರ ಯಾರಿಗೂ ಬೇಕಿರಲಿಲ್ಲ. ಶಂಕರ್‌ನಾಗ್‌ಗೆ ‘ಕರಾಟೆ ಕಿಂಗ್’ ಎಂಬ ಬಿರುದು ಕಟ್ಟಿದವರು ವಿಮರ್ಶಕರಲ್ಲ, ಸಾಮಾನ್ಯ ಜನ. 1990ರಲ್ಲಿ ಅವರು ತೀರಿಹೋದ ಮೇಲೂ ಆಟೋಗಳ ಬೆನ್ನಿನಿಂದ ಆ ಬಿರುದು ಇಳಿಯಲಿಲ್ಲ. ಆ ಗಾಳಿಯಲ್ಲಿ ಬಿಳಿ ಬಟ್ಟೆ ಹೊಲಿಸಿಕೊಂಡ ಸಾವಿರಾರು ಹುಡುಗರಲ್ಲಿ ಹೆಚ್ಚಿನವರು ಎರಡು ಬೆಲ್ಟ್ ಆದ ಮೇಲೆ ಬಿಟ್ಟರು. ಬಿಡದವರು ಕೆಲವರು. ಅವರಿಗೀಗ ಅರವತ್ತರ ಆಸುಪಾಸು. ಮೊದಲು ಜಪಾನಿ ಭಾಷೆಯಲ್ಲಿ ‘ಇಚಿ, ನಿ, ಸಾನ್’ ಎಣಿಸಿದವರು, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟೇಕ್ವಾಂಡೊ ಪದಕದ ಆಟವಾದ ಮೇಲೆ ಕೊರಿಯನ್ ಭಾಷೆಯಲ್ಲಿ ‘ಹನಾ, ದುಲ್, ಸೆತ್’ ಎಣಿಸಲು ಕಲಿತು, ಈಗ ಎರಡನ್ನೂ ಕಲಿಸುತ್ತಾರೆ. ಬೆಳಿಗ್ಗೆ ಒಂದು ಪಾರ್ಕು, ಮಧ್ಯಾಹ್ನ ಒಂದು ಖಾಸಗಿ ಶಾಲೆ, ಸಂಜೆ ಕಲ್ಯಾಣ ಮಂಟಪದ ಮಹಡಿಯಲ್ಲೋ ಸಮುದಾಯ ಭವನದಲ್ಲೋ ಒಂದು ಕ್ಲಾಸು. ಬೈಕಿನ ಹಿಂದೆ ಪ್ಯಾಡ್ ತುಂಬಿದ ಚೀಲ. ಭವಿಷ್ಯನಿಧಿ ಇಲ್ಲ, ಪಿಂಚಣಿ ಇಲ್ಲ, ಮಂಡಿ ಮಾತ್ರ ಸವೆದಿದೆ.

ಇಂಥವರ ಬದುಕು ಯಾವ ನೆಲದ ಮೇಲೆ ನಿಂತಿದೆ ಎಂದು ನೋಡಲು ಚನ್ನರಾಯಪಟ್ಟಣಕ್ಕೆ ಬನ್ನಿ. ಹಾಸನ ಜಿಲ್ಲೆಯದಲ್ಲ, ದೇವನಹಳ್ಳಿ ತಾಲ್ಲೂಕಿನದು. ಹೆಸರು ಒಂದೇ ಆದ್ದರಿಂದ ಪತ್ರಿಕೆಗಳಲ್ಲೂ ಬಹುಕಾಲ ಗೊಂದಲವಾಗುತ್ತಿತ್ತು. ಹದಿಮೂರು ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆಂದು ಕೊಡಲು ಒಪ್ಪದ ರೈತರು ಇಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 2025ರ ಜುಲೈ 15ರಂದು ಮುಖ್ಯಮಂತ್ರಿಗಳ ಬಾಯಲ್ಲೇ ‘ಕೈಬಿಟ್ಟಿದ್ದೇವೆ’ ಎನ್ನಿಸಿದ ಮೇಲೆ ಆ ಗೊಂದಲ ಕಡಿಮೆಯಾಯಿತು. 2008ರ ಮೇನಲ್ಲಿ ವಿಮಾನ ನಿಲ್ದಾಣ ಶುರುವಾದಂದಿನಿಂದ ಈ ಸೀಮೆಯಲ್ಲಿ ಎರಡು ಲೋಕಗಳು ಒಂದರ ಪಕ್ಕ ಒಂದು ಬೆಳೆದಿವೆ. ಒಂದು ಕಡೆ ಗೇಟು, ಕಾವಲುಗಾರ, ಈಜುಕೊಳ ಇರುವ ವಸತಿ ಸಮುಚ್ಚಯ. ಅಲ್ಲಿ ಕರಾಟೆ, ಟೇಕ್ವಾಂಡೊ ಎಂದರೆ ಮಗುವಿನ ವಾರದ ವೇಳಾಪಟ್ಟಿಯಲ್ಲಿ ಕೀಬೋರ್ಡು ಮತ್ತು ಅಬ್ಯಾಕಸ್ ನಡುವೆ ಕೂತ ಇನ್ನೊಂದು ಚೌಕ. ಇನ್ನೊಂದು ಕಡೆ ರಾಗಿ, ದ್ರಾಕ್ಷಿ, ಹಿಪ್ಪುನೇರಳೆಯ ಹೊಲಗಳ ಮಧ್ಯೆ ಸರ್ಕಾರಿ ಶಾಲೆ. ಅಲ್ಲಿಗೆ ಈ ವಿದ್ಯೆ ಬರುವುದು ಒಂದು ಯೋಜನೆಯ ಹೆಸರಿನಲ್ಲಿ.

ಆ ಯೋಜನೆಯ ಲೆಕ್ಕ ಸ್ವಲ್ಪ ನೋಡೋಣ. ಸಮಗ್ರ ಶಿಕ್ಷಣದ ಅಡಿಯಲ್ಲಿ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸಲು ಕೇಂದ್ರ ಸರ್ಕಾರದ ‘ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಾ ಪ್ರಶಿಕ್ಷಣ’ ಇದೆ. ಒಂದು ಶಾಲೆಗೆ ತಿಂಗಳಿಗೆ 5,000 ರೂಪಾಯಿ. ಮೊದಲು 3,000 ಇತ್ತು, ಏರಿಸಿದ್ದಾರೆ, ದೊಡ್ಡ ಮನಸ್ಸು. ಅವಧಿ ಮೂರು ತಿಂಗಳು. ಅಂದರೆ ಒಂದು ಶಾಲೆಯ ಅಷ್ಟೂ ಹುಡುಗಿಯರ ರಕ್ಷಣೆಗೆ ವರ್ಷಕ್ಕೆ 15,000. ಮಾಸ್ಟರ್ ಒಬ್ಬರು ಏಕಕಾಲಕ್ಕೆ ನಾಲ್ಕು ಶಾಲೆ ಹಿಡಿದರು ಎನ್ನಿ. ಮೂರು ತಿಂಗಳ ಕಾಲ ತಿಂಗಳಿಗೆ 20,000, ಅದರಲ್ಲೇ ಪೆಟ್ರೋಲು. ಮಿಕ್ಕ ಒಂಬತ್ತು ತಿಂಗಳು ಅವರು ಏನು ತಿನ್ನಬೇಕು ಎಂಬುದನ್ನು ಬಿಡಿ, ಆ ಒಂಬತ್ತು ತಿಂಗಳು ಹುಡುಗಿ ಏನು ಮಾಡಬೇಕು?

ಈ ವಿದ್ಯೆ ಕಲಿತವರಿಗೆಲ್ಲ ಗೊತ್ತಿರುವ ಒಂದು ಸಂಗತಿ ಯೋಜನೆ ಬರೆದವರಿಗೆ ಗೊತ್ತಿಲ್ಲವೆಂದು ಕಾಣುತ್ತದೆ. ಮಣಿಕಟ್ಟು ಹಿಡಿದಾಗ ಬಿಡಿಸಿಕೊಳ್ಳುವ ಪಟ್ಟು ಕಲಿಯಲು ಐದು ನಿಮಿಷ ಸಾಕು. ಎದುರಿಗಿರುವವನು ಹೆಬ್ಬೆರಳು ಮತ್ತು ಬೆರಳುಗಳು ಸೇರುವ ಸಂದಿನ ಕಡೆಗೆ ಕೈ ತಿರುಗಿಸಿ ಎಳೆದುಕೊಳ್ಳುವುದು, ಅಷ್ಟೆ. ಆದರೆ ಕತ್ತಲಾಗುವ ಹೊತ್ತಿಗೆ ಬಸ್ ಇಳಿದು ನಡೆಯುವಾಗ ಹಿಂದಿನಿಂದ ಯಾರೋ ಹಿಡಿದರೆ ಆ ಐದು ನಿಮಿಷದ ಜ್ಞಾನ ನೆನಪಿಗೇ ಬರುವುದಿಲ್ಲ. ಭಯಕ್ಕೆ ಮೈ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟದಂತೆ ಮಾಡುವುದು ಪಟ್ಟಲ್ಲ, ಸಾವಿರಾರು ಸಲದ ಪುನರಾವರ್ತನೆ. ಗಟ್ಟಿಯಾಗಿ ಕೂಗುವ ಅಭ್ಯಾಸ. ಇನ್ನೊಬ್ಬರು ಎದೆಯ ಮೇಲೆ ಕೈ ಇಟ್ಟು ತಳ್ಳಿದಾಗ ಕಾಲು ಹಿಂದಕ್ಕಿಟ್ಟು ನಿಲ್ಲುವ ರೂಢಿ. ಮೂರು ತಿಂಗಳಲ್ಲಿ ಇದು ಆಗುವುದಿಲ್ಲ. ಮೂರು ತಿಂಗಳಲ್ಲಿ ಆಗುವುದು ಒಂದೇ: ಶಾಲಾ ವಾರ್ಷಿಕೋತ್ಸವದಲ್ಲಿ ಹೆಂಚು ಒಡೆಯುವ ಪ್ರದರ್ಶನ, ಮತ್ತು ಇಲಾಖೆಗೆ ಕಳಿಸಲು ಫೋಟೊ. ಇನ್ನೂ ಕೆಟ್ಟದ್ದು, ಹುಡುಗಿಗೆ ಮತ್ತು ಅವಳ ಅಪ್ಪ ಅಮ್ಮನಿಗೆ ‘ಕಲಿತಾಯಿತು’ ಎಂಬ ಸುಳ್ಳು ಧೈರ್ಯ. ನಮ್ಮ ರಾಜ್ಯದಲ್ಲಿ ಇಂಥ ತರಬೇತಿಗೆ ಓಬವ್ವನ ಹೆಸರನ್ನೂ ಬಳಸಿಕೊಂಡಿದ್ದಾರೆ. ಆಕೆಯ ಕೈಯ ಒನಕೆ ಮೂರು ತಿಂಗಳ ಯೋಜನೆಯದ್ದಲ್ಲ. ದಿನಾ ಭತ್ತ ಕುಟ್ಟಿದ ತೋಳು ಅದು.

ಇನ್ನೊಂದು ಮಾತು. ಈ ಯೋಜನೆ ಹುಡುಗಿಯರಿಗೆ ಮಾತ್ರ. ಹಿಡಿಯುವ ಕೈ ಯಾರದೆಂದು ಗೊತ್ತಿದ್ದೂ, ಆ ಕೈಗಳು ಅದೇ ಶಾಲೆಯ ಪಕ್ಕದ ಬೆಂಚಿನಲ್ಲಿ ಬೆಳೆಯುತ್ತಿವೆಯೆಂದು ಗೊತ್ತಿದ್ದೂ, ಹುಡುಗರನ್ನು ಕ್ರಿಕೆಟ್ ಆಡಲು ಕಳಿಸಿ ಹುಡುಗಿಯರಿಗೆ ಬಿಡಿಸಿಕೊಳ್ಳುವುದನ್ನು ಕಲಿಸುತ್ತೇವೆ. ಒಳ್ಳೆಯ ದೋಜೊದಲ್ಲಿ ಮೊದಲ ವರ್ಷ ಕಲಿಸುವುದೇ ಹೊಡೆತವನ್ನು ಎದುರಾಳಿಯ ಚರ್ಮ ಮುಟ್ಟುವ ಮೊದಲು ನಿಲ್ಲಿಸುವುದನ್ನು. ಆ ಪಾಠ ಯಾರಿಗೆ ಹೆಚ್ಚು ಬೇಕು?

ಇಷ್ಟು ಹೇಳಿದ ಕೂಡಲೇ ಮೂರು ಕಡೆಯಿಂದ ಮೂರು ಆಕ್ಷೇಪ ಬರುತ್ತವೆ. ಮೊದಲನೆಯದು ಸ್ವದೇಶಿ ಆಕ್ಷೇಪ: ಇದೆಲ್ಲ ಪರದೇಶದ್ದು, ನಮ್ಮ ಗರಡಿ ಇರುವಾಗ ಇದೇಕೆ? ತಮಾಷೆಯೆಂದರೆ ಇದೇ ಬಾಯಿ ಮರುಗಳಿಗೆಯಲ್ಲಿ ‘ಕರಾಟೆ ಹುಟ್ಟಿದ್ದೇ ನಮ್ಮಲ್ಲಿ, ಬೋಧಿಧರ್ಮ ಇಲ್ಲಿಂದ ತಗೊಂಡು ಹೋದ’ ಎಂದೂ ಹೇಳುತ್ತದೆ. ಎರಡರಲ್ಲಿ ಒಂದನ್ನಾದರೂ ಬಿಡಬೇಕಲ್ಲ. ಬೋಧಿಧರ್ಮ ದಕ್ಷಿಣ ಭಾರತದವನೆಂಬ ಪರಂಪರೆ ಇದೆ, ಸರಿ. ಆದರೆ ಅವನು ಶಾವೊಲಿನ್ ಭಿಕ್ಷುಗಳಿಗೆ ಕಾಳಗ ಕಲಿಸಿದನೆಂಬ ಕತೆಗೆ ಮೂಲ 17ನೇ ಶತಮಾನದ ಒಂದು ಚೀನೀ ವ್ಯಾಯಾಮ ಗ್ರಂಥ. ಅವನು ಬದುಕಿದ್ದನೆನ್ನುವ ಕಾಲಕ್ಕೂ ಅದಕ್ಕೂ ಸಾವಿರ ವರ್ಷದ ಅಂತರ. 1930ರ ದಶಕದಲ್ಲೇ ತಾಂಗ್ ಹಾವ್ ಎಂಬ ಚೀನೀ ಇತಿಹಾಸಕಾರ ಇದನ್ನು ಬಿಚ್ಚಿಟ್ಟಾಗಿದೆ. 2011ರ ತಮಿಳು ಚಿತ್ರ ‘ಏಳಾಂ ಅರಿವು’ ಆ ಸತ್ತ ಕತೆಗೆ ಮತ್ತೆ ಜೀವ ಕೊಟ್ಟಿತು, ಈಗ ಅದು ವಾಟ್ಸ್ಆ್ಯಪ್‌ನಲ್ಲಿ ಅಮರ.

ಕೊರಿಯಾದವರೇನೂ ಕಡಿಮೆಯಿಲ್ಲ. ಟೇಕ್ವಾಂಡೊ ಎರಡು ಸಾವಿರ ವರ್ಷ ಹಳೆಯದು, ಸಿಲ್ಲಾ ರಾಜ್ಯದ ಹ್ವಾರಾಂಗ್ ಯೋಧರದ್ದು ಎನ್ನುತ್ತಾರೆ. ವಾಸ್ತವದಲ್ಲಿ ಆ ಹೆಸರು ಗೊತ್ತಾದದ್ದು 1955ರಲ್ಲಿ. ಅದನ್ನು ಮುಂದಿಟ್ಟ ಚೋಯ್ ಹೋಂಗ್ ಹಿ ಸ್ವತಃ ಜಪಾನಿನಲ್ಲಿ ಕರಾಟೆ ಕಲಿತವರು. 35 ವರ್ಷ ತಮ್ಮನ್ನು ಆಳಿದವರ ವಿದ್ಯೆಯನ್ನು ಕಲಿತು, ಬದಲಿಸಿ, ಒದೆತವನ್ನು ಎತ್ತರಕ್ಕೇರಿಸಿ, ತಮ್ಮದೆಂದರು. ಅದಕ್ಕೊಂದು ಹಳೆಯ ಅಜ್ಜನನ್ನೂ ಹುಡುಕಿಕೊಂಡರು. ಜಪಾನಿನವರೂ ಅಷ್ಟೇ: ಒಕಿನಾವಾದ ಕರಾಟೆಯ ‘ಕರಾ’ ಮೊದಲು ಚೀನಾವನ್ನು ಸೂಚಿಸುವ ಅಕ್ಷರವಾಗಿತ್ತು, 1930ರ ದಶಕದಲ್ಲಿ ಅದನ್ನು ತೆಗೆದು ‘ಬರಿದು’ ಎಂಬ ಅಕ್ಷರ ಹಾಕಿದರು. ಚೀನೀ ಕೈ ಬರಿಗೈ ಆಯಿತು. ಇವರೆಲ್ಲ ಎರವಲು ತಂದದ್ದನ್ನು ದುಡಿದು ತಮ್ಮದಾಗಿಸಿಕೊಂಡವರು. ನಾವು ದುಡಿಮೆ ಬಿಟ್ಟು ಅಜ್ಜನನ್ನು ಮಾತ್ರ ಹುಡುಕುತ್ತಿದ್ದೇವೆ.

ನಿಜವಾದ ನಂಟು ಬೇಕಿದ್ದರೆ ಅದೂ ಇದೆ, ಅದಕ್ಕೆ ಸಿನಿಮಾ ಬೇಕಿಲ್ಲ. ‘ದೋಜೊ’ ಎಂಬ ಜಪಾನಿ ಪದ, ಅದನ್ನೇ ಕೊರಿಯನ್ನರು ‘ದೋಜಾಂಗ್’ ಎನ್ನುವುದು, ಮೂಲದಲ್ಲಿ ಸಂಸ್ಕೃತದ ‘ಬೋಧಿಮಂಡ’ದ ಚೀನೀ ಅನುವಾದ. ಬುದ್ಧನಿಗೆ ಅರಿವಾದ ಜಾಗ. ದೇವನಹಳ್ಳಿಯ ಯಾವುದೋ ಮಹಡಿಯ ಮೇಲೆ ಮಗು ಒಳಗೆ ಬರುವಾಗ ಹೊಸ್ತಿಲಲ್ಲಿ ತಲೆ ಬಾಗಿಸುತ್ತದಲ್ಲ, ಅದಕ್ಕೆ ಇಷ್ಟು ದೂರದ ಬೇರಿದೆ. ಇನ್ನು ಗರಡಿಯ ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೆಂದೇ ಒಂದು ಭಾಗವಿದೆ; ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ನಡೆಯುತ್ತದೆ, ನೆತ್ತಿಯಲ್ಲಿ ರಕ್ತ ಕಂಡ ಕೂಡಲೇ ನಿಲ್ಲುತ್ತದೆ. ಗರಡಿಯನ್ನು ಉಳಿಸಬೇಡಿ ಎಂದು ಯಾರೂ ಹೇಳಿಲ್ಲ. ಆದರೆ ಗರಡಿಯ ಹೆಸರಲ್ಲಿ ಕರಾಟೆಯನ್ನು ಹಳಿಯುವವರು ತಮ್ಮ ಮಗಳನ್ನು ಯಾವ ಗರಡಿಗೆ ಕಳಿಸಿದ್ದಾರೆ? ನಮ್ಮ ಗರಡಿಯ ಮಣ್ಣು ಹೆಣ್ಣಿನ ಕಾಲು ಮುಟ್ಟಿದರೆ ಮೈಲಿಗೆ ಎಂದುಕೊಂಡಿದ್ದ ದಿನಗಳಲ್ಲಿ ಚಾಪೆ ಹಾಸಿ ಹುಡುಗಿಯರನ್ನು ಒಳಗೆ ಕರೆದದ್ದು ಈ ಪರದೇಶಿ ವಿದ್ಯೆಯ ಮಾಸ್ಟರುಗಳು.

ಎರಡನೆಯ ಆಕ್ಷೇಪ ವಿದ್ಯಾವಂತರದ್ದು. ಹೊಡೆದಾಟ ಕಲಿಸುವುದು ಶಿಕ್ಷಣವೇ? ಈ ಪ್ರಶ್ನೆ ಕೇಳುವವರಿಗೆ ಈ ವಿದ್ಯೆಗಳನ್ನು ಕಟ್ಟಿದವರು ಯಾರೆಂದು ಗೊತ್ತಿಲ್ಲ. ಅವರಲ್ಲಿ ಹಲವರು ಶಾಲಾ ಮೇಷ್ಟ್ರುಗಳು. 1882ರಲ್ಲಿ ಜೂಡೊ ಶುರು ಮಾಡಿದ ಜಿಗೊರೊ ಕಾನೊ ಟೋಕಿಯೊದ ಉನ್ನತ ಶಿಕ್ಷಕ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದವರು. 1901ರಲ್ಲಿ ಕರಾಟೆಯನ್ನು ಒಕಿನಾವಾದ ಪ್ರಾಥಮಿಕ ಶಾಲೆಯೊಳಗೆ ತಂದ ಇತೊಸು ಆಂಕೊ, ಮಕ್ಕಳ ಮೈಗೆ ಹೊಂದುವಂತೆ ಐದು ಹೊಸ ವರಸೆಗಳನ್ನು ರೂಪಿಸಿದರು. ಇವತ್ತು ನಮ್ಮ ಮಕ್ಕಳು ‘ಹೇಯಾನ್ ಶೋದಾನ್’ ಎಂದು ಕಲಿಯುವುದು ಅದರಲ್ಲೊಂದು. ಅಂದರೆ ಅದು ಹುಟ್ಟಿದ್ದೇ ಶಾಲೆಯ ಪಠ್ಯವಾಗಿ. 1922ರಲ್ಲಿ ಟೋಕಿಯೊಗೆ ಕರಾಟೆ ಒಯ್ದ ಗಿಚಿನ್ ಫುನಕೋಶಿ ದಶಕಗಳ ಕಾಲ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು. ಸಾಹಿತ್ಯಾಸಕ್ತರಿಗೆ ಇನ್ನೊಂದು ಸಂಗತಿ: ಅವರು ಕವಿ. ಕಾವ್ಯನಾಮ ‘ಶೋಟೊ’, ಪೈನ್ ಮರಗಳಲ್ಲಿ ಗಾಳಿ ಎಬ್ಬಿಸುವ ಅಲೆ ಎಂದರ್ಥ. ನಮ್ಮ ಊರೂರಿನ ಬೋರ್ಡುಗಳಲ್ಲಿ ಮುಷ್ಟಿಯ ಚಿತ್ರದ ಕೆಳಗೆ ಬರೆದಿರುವ ‘ಶೋಟೊಕಾನ್’ ಎಂದರೆ ‘ಶೋಟೊನ ಮನೆ’. ಒಬ್ಬ ಕವಿಯ ಕಾವ್ಯನಾಮ ಇಷ್ಟು ಗೋಡೆಗಳ ಮೇಲಿದೆ, ಕವಿಗೋಷ್ಠಿಗಳವರು ತಿರುಗಿಯೂ ನೋಡಿಲ್ಲ.

ಕೊರಿಯನ್ ಭಾಷೆಯಲ್ಲಿ ಟೇಕ್ವಾಂಡೊ ಕಲಿಸುವವರನ್ನು ‘ಸಾಬಮ್’ ಎನ್ನುತ್ತಾರೆ. ಅದೇ ಎರಡು ಅಕ್ಷರಗಳನ್ನು ಜಪಾನಿನಲ್ಲಿ ‘ಶಿಹಾನ್’ ಎಂದು ಓದುತ್ತಾರೆ. ಕಾನೊ ಮುಖ್ಯಸ್ಥರಾಗಿದ್ದ ಶಿಕ್ಷಕ ತರಬೇತಿ ಶಾಲೆಯ ಹೆಸರಿನಲ್ಲಿರುವುದೂ ಅದೇ ಎರಡು ಅಕ್ಷರ. ಆ ಎರಡೂ ಭಾಷೆಗಳಲ್ಲಿ ಕರಾಟೆ ಕಲಿಸುವವರಿಗೂ ಮೇಷ್ಟ್ರನ್ನು ತಯಾರು ಮಾಡುವ ಶಾಲೆಗೂ ಒಂದೇ ಪದ ಸಾಕಾಯಿತು.

ಶಿಕ್ಷಣವೇ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲೇ ಉತ್ತರ ಕೊಟ್ಟವರು ರವೀಂದ್ರನಾಥ ಟ್ಯಾಗೋರ್. ಶಾಂತಿನಿಕೇತನಕ್ಕೆ 1905ರಲ್ಲೇ ಸಾನೊ ಜಿನ್ನೊಸುಕೆ ಎಂಬ ಜೂಡೊ ಶಿಕ್ಷಕರನ್ನು ಜಪಾನಿನಿಂದ ಕರೆಸಿದರು. 1929ರಲ್ಲಿ ಮತ್ತೆ ಶಿಂಜೊ ತಕಗಾಕಿ ಬಂದರು. ಆಗ ಹುಡುಗಿಯರೂ ಕಲಿತರು. ಆ ಹುಡುಗಿಯರ ಪ್ರದರ್ಶನಕ್ಕೆಂದೇ ಕವಿ ಒಂದು ಹಾಡು ಬರೆದುಕೊಟ್ಟರು. ನಾವು ಟ್ಯಾಗೋರರಿಂದ ಗೀತೆ ತಂದೆವು, ನೃತ್ಯ ತಂದೆವು, ಮರದ ಕೆಳಗಿನ ಪಾಠದ ಫೋಟೊ ತಂದೆವು, ಜೂಡೊ ಚಾಪೆಯನ್ನು ಅಲ್ಲೇ ಬಿಟ್ಟು ಬಂದೆವು. ಹೌದು, ಅಲ್ಲೂ ತಕಗಾಕಿಯವರನ್ನು ಉಳಿಸಿಕೊಳ್ಳಲು ಆಗಲಿಲ್ಲ, 1931ರಲ್ಲಿ ಅವರು ಹೊರಟರು. ಆದರೆ ಕವಿಗೆ ಅವರು ಶಿಕ್ಷಕರೇ ಎಂಬ ಅನುಮಾನ ಇರಲಿಲ್ಲ.

ಮೂರನೆಯ ಆಕ್ಷೇಪ ಮಾತ್ರ ಗಟ್ಟಿ, ಅದನ್ನು ಹಾರಿಸಿ ಹೋಗುವುದು ಅನ್ಯಾಯ. ಈ ಮಾಸ್ಟರುಗಳಲ್ಲಿ ಎಷ್ಟು ಜನ ಅಸಲಿ? ಮೂರು ತಿಂಗಳಿಗೊಂದು ಬೆಲ್ಟ್, ಬೆಲ್ಟಿಗೊಂದು ಫೀಸು, ಎಂಟು ವರ್ಷದ ಮಗುವಿನ ಸೊಂಟಕ್ಕೆ ಕಪ್ಪು ಪಟ್ಟಿ. ಒಂದು ಫೆಡರೇಷನ್ ಒಡೆದು ಎರಡಾಗಿ, ಎರಡು ನಾಲ್ಕಾಗಿ, ಎಲ್ಲದರ ಹೆಸರಲ್ಲೂ ‘ಇಂಡಿಯಾ’, ಎಲ್ಲವೂ ಕೋರ್ಟಿನಲ್ಲಿ. ಇದೆಲ್ಲ ನಿಜ. ಬಣ್ಣದ ಬೆಲ್ಟುಗಳು ಪ್ರಾಚೀನವೂ ಅಲ್ಲ. 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೂಡೊ ಕಲಿಸುತ್ತಿದ್ದ ಕವಾಯಿಶಿ ಎಂಬವರು ಯುರೋಪಿನ ವಿದ್ಯಾರ್ಥಿಗಳ ತಾಳ್ಮೆ ಹಿಡಿದಿಡಲು ಬಳಸಿ ಜನಪ್ರಿಯಗೊಳಿಸಿದ ಉಪಾಯ. ಆದರೆ ಬೆಲ್ಟ್ ಯಾಕೆ ಅಂಗಡಿಯಾಯಿತು ಎಂದು ಒಮ್ಮೆ ಲೆಕ್ಕ ಹಾಕಿ. ಸಣ್ಣ ಊರಿನಲ್ಲಿ ತಿಂಗಳ ಫೀಸಿನಿಂದ ಮನೆ ನಡೆಯುವುದಿಲ್ಲ. ಮಳೆಗಾಲದಲ್ಲಿ, ಪರೀಕ್ಷೆಯ ತಿಂಗಳಲ್ಲಿ ಮಕ್ಕಳು ಬರುವುದೇ ಇಲ್ಲ. ಉಳಿಯುವುದು ಬೆಲ್ಟ್ ಪರೀಕ್ಷೆಯ ಫೀಸು. ಸಂಬಳವಿಲ್ಲದ ಕಡೆ ಬೆಲ್ಟೇ ಸಂಬಳ. ಫೇಲು ಮಾಡಿದರೆ ಮಗು ಮುಂದಿನ ಬೀದಿಯ ಮಾಸ್ಟರ್ ಹತ್ತಿರ ಹೋಗುತ್ತದೆ. ಗಣಿತದ ಮೇಷ್ಟ್ರಿಗೂ ಪಾಸಾದ ತಲೆಗಿಷ್ಟು ಎಂದು ದುಡ್ಡು ಕೊಟ್ಟು ನೋಡಿ, ಮಾರ್ಚ್ ಹೊತ್ತಿಗೆ ಇಡೀ ತಾಲ್ಲೂಕು ರ‍್ಯಾಂಕು.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಮಕ್ಕಳ ಮೈ ಮುಟ್ಟಿ ಕಲಿಸುವ ವಿದ್ಯೆ ಇದು. ಮುಚ್ಚಿದ ಕೋಣೆ, ಪ್ರಶ್ನೆ ಕೇಳಬಾರದ ಶಿಸ್ತು, ಬಗ್ಗಿ ನಮಸ್ಕರಿಸಬೇಕಾದ ಹಿರಿಯ. ಈ ಮೂರೂ ಸೇರಿದ ಕಡೆ ಏನು ನಡೆಯಬಹುದೆಂದು ಪೋಕ್ಸೊ ಪ್ರಕರಣಗಳನ್ನು ಓದುವ ಎಲ್ಲರಿಗೂ ಗೊತ್ತು. ಆದ್ದರಿಂದಲೇ, ಈ ಮಾಸ್ಟರುಗಳನ್ನು ‘ಗುರು’ ಎನ್ನಿ ಎಂದು ವಾದಿಸುವವರ ಸಾಲಿನಲ್ಲಿ ನಾನಿಲ್ಲ. ದಯವಿಟ್ಟು ಬೇಡ. ಗುರುವಿಗೆ ಹೆಬ್ಬೆರಳು ಕೇಳುವ ಹಕ್ಕಿದೆ, ಲೆಕ್ಕ ಕೊಡುವ ಹೊಣೆಯಿಲ್ಲ. ಒಳ್ಳೆಯ ತರಬೇತುದಾರರಿಗೆ ನಾವು ಕೊಡುವ ರಾಷ್ಟ್ರ ಪ್ರಶಸ್ತಿಗೆ ದ್ರೋಣಾಚಾರ್ಯನ ಹೆಸರೇ ಇದೆ ಎಂಬುದು ಬೇರೆ ಮಾತು. ಅದೂ ಪದಕ ತಂದವರಿಗೆ. ಮೂವತ್ತು ವರ್ಷ ಹೋಬಳಿಯ ಮಕ್ಕಳಿಗೆ ಬೀಳುವುದನ್ನು ಮತ್ತು ಏಳುವುದನ್ನು ಕಲಿಸಿದವರಿಗಲ್ಲ. ಮೇಷ್ಟ್ರು ಬೇರೆ. ಮೇಷ್ಟ್ರ ಮೇಲೆ ಮುಖ್ಯೋಪಾಧ್ಯಾಯರಿದ್ದಾರೆ, ಎಸ್‌ಡಿಎಂಸಿ ಇದೆ, ಬಿಇಒ ಇದ್ದಾರೆ, ದೂರು ಕೊಡಲು ಕಚೇರಿ ಇದೆ, ಅಮಾನತು ಮಾಡಲು ನಿಯಮವಿದೆ. ಪಾಠ ನಡೆಯುವುದು ಬಾಗಿಲು ತೆರೆದ ಶಾಲೆಯ ಮೈದಾನದಲ್ಲಿ, ಇನ್ನೊಬ್ಬ ಶಿಕ್ಷಕಿಯ ಕಣ್ಣೆದುರಿಗೆ. ಹಾಜರಿ ಪುಸ್ತಕ ಸಂಬಳವನ್ನಷ್ಟೇ ಅಲ್ಲ, ಕಾವಲನ್ನೂ ತರುತ್ತದೆ.

ಹಾಗಾಗಿ ಕೇಳುತ್ತಿರುವುದು ಶಾಲು, ಹಾರ, ರಾಜ್ಯೋತ್ಸವದ ಫಲಕ ಅಲ್ಲ. ಸರ್ಕಾರಿ ಶಾಲೆಗಳಿಗೆ ಪ್ರತಿವರ್ಷ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವ ಪದ್ಧತಿ ಇದ್ದೇ ಇದೆ. ಹೋಬಳಿಗೊಬ್ಬ ಸಮರಕಲಾ ಶಿಕ್ಷಕ, ಸಾಧ್ಯವಾದ ಕಡೆ ಶಿಕ್ಷಕಿ, ಅದೇ ಪಟ್ಟಿಯಲ್ಲಿ ಬರಲಿ. ಮೂರು ತಿಂಗಳಲ್ಲ, ಶಾಲೆ ನಡೆಯುವಷ್ಟೂ ತಿಂಗಳು. ಹುಡುಗರೂ ಹುಡುಗಿಯರೂ ಒಟ್ಟಿಗೆ ಕಲಿಯಲಿ. ಅವರ ಹಿನ್ನೆಲೆಯನ್ನು ಪೊಲೀಸರು ಪರಿಶೀಲಿಸಲಿ, ಮಕ್ಕಳ ರಕ್ಷಣೆಯ ತರಬೇತಿ ಕಡ್ಡಾಯವಾಗಲಿ. ಶಾಲೆಯೊಳಗೆ ಬೆಲ್ಟಿಗೆ ಫೀಸು ತೆಗೆದುಕೊಂಡರೆ ಕೆಲಸ ಹೋಗಲಿ.

ಇದಕ್ಕೆ ದುಡ್ಡೆಲ್ಲಿದೆ ಎನ್ನುವವರು ಸಾವಿರಾರು ಎಕರೆಗೆ ಪರಿಹಾರ ಕೊಡಲು ಇದೇ ಹೋಬಳಿಗೆ ಚೆಕ್ಕು ಬರೆಯಲು ಸಿದ್ಧರಿದ್ದ ಸರ್ಕಾರವನ್ನು ಕೇಳಲಿ. ನಾಲ್ಕು ಫೆಡರೇಷನ್‌ಗಳ ನಾಲ್ಕು ಸರ್ಟಿಫಿಕೇಟುಗಳಲ್ಲಿ ಯಾವುದನ್ನು ನಂಬುವುದು ಎಂಬುದು ನಿಜಕ್ಕೂ ತೊಡಕಿನ ಪ್ರಶ್ನೆ, ಒಪ್ಪುತ್ತೇನೆ. ಸರ್ಟಿಫಿಕೇಟು ಪಕ್ಕಕ್ಕಿಟ್ಟು, ಮೂವತ್ತು ಮಕ್ಕಳನ್ನು ಮುಂದೆ ನಿಲ್ಲಿಸಿ ಒಂದು ಗಂಟೆ ಪಾಠ ಮಾಡಿಸಿ ನೋಡಿದರೆ ಅರ್ಧ ತೊಡಕು ಬಿಡುತ್ತದೆ. ಮಿಕ್ಕರ್ಧಕ್ಕೆ ಸಮಿತಿ ಮಾಡುತ್ತೇವೆ, ಸಮಿತಿ ವರದಿ ಕೊಡುತ್ತದೆ, ವರದಿ ಆರ್ಥಿಕ ಇಲಾಖೆಗೆ ಹೋಗುತ್ತದೆ ಎನ್ನುವುದಾದರೆ, ಅಷ್ಟರಲ್ಲಿ ಈಗ ಚನ್ನರಾಯಪಟ್ಟಣದ ಶಾಲೆಯಲ್ಲಿ ಆರನೇ ತರಗತಿ ಓದುತ್ತಿರುವ ಹುಡುಗಿ ಎಸ್ಎಸ್ಎಲ್‌ಸಿ ಮುಗಿಸಿ, ದೇವನಹಳ್ಳಿಯ ಕಾಲೇಜಿಗೆಂದು ಸಂಜೆ ಆರೂವರೆಗೆ ವಾಪಸಾಗುವ ಬಸ್ಸಿನಲ್ಲಿ ಓಡಾಡುತ್ತಿರುತ್ತಾಳೆ.